ಬೆಳಕೇ ಬರೆದ ಕನ್ನಡಿ

ಕನ್ನಡಿ ಎಂದಮೇಲೆ ಹಿಂಬದಿಗೆ ಒಂದು ಲೇಪ ಬೇಡವೇ? ಇಲ್ಲೊಂದು ಕನ್ನಡಿಗೆ ಲೇಪವೂ ಇಲ್ಲ, ಹಿಂಬದಿಯೂ ಇಲ್ಲ! ಗಾಜಿನ ಎಳೆಯೊಳಗೆ ಗಾಜಿನಿಂದಲೇ ಆದದ್ದು. ಕಣ್ಣರಳಿಸಿ ನೋಡಿದರೂ ಕಾಣುವುದು ಎಳೆಯೊಂದೇ. ಬೆಂಗಳೂರಿನ ಪೀಣ್ಯದಲ್ಲಿ ಉಕ್ಕಿನ ಶೀಟು ಕತ್ತರಿಸುವ ಫೈಬರ್ ಲೇಸರ್‌ನ ಹೊಟ್ಟೆಯೊಳಗೆ ಕಿಲೋವಾಟ್‌ಗಟ್ಟಲೆ ಬೆಳಕನ್ನು ಹಿಂದಕ್ಕೂ ಮುಂದಕ್ಕೂ ಅಟ್ಟುವುದು ಇಂಥ ಎರಡು ಕನ್ನಡಿಗಳು. ಹೆಸರು ಫೈಬರ್ ಬ್ರ್ಯಾಗ್ ಗ್ರೇಟಿಂಗ್. ಇವುಗಳ ಜಾತಕ ಹುಡುಕಿ ಹೊರಟರೆ ದಾರಿ ಮಲ್ಲೇಶ್ವರದ ಮಗ್ಗುಲಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಬಂದು ಸೇರುತ್ತದೆ. ಒಂದಲ್ಲ, ಎರಡು ಸಲ!

ಮೊದಲ ಸಲ 1935ರಲ್ಲಿ. ಸಿ.ವಿ. ರಾಮನ್ ನಿರ್ದೇಶಕರಾಗಿ ಬಂದು ಎರಡು ವರ್ಷವಾಗಿತ್ತು. ಅವರೂ ಎನ್.ಎಸ್. ನಾಗೇಂದ್ರನಾಥರೂ ಕೈಹಾಕಿದ್ದು ವಿಚಿತ್ರ ಸಂಗತಿಗೆ: ದ್ರವದೊಳಗೆ ಕಿವಿಗೆ ಕೇಳದಷ್ಟು ತೀಕ್ಷ್ಣವಾದ ಶ್ರವಣಾತೀತ ತರಂಗ ಹರಿಸಿ, ಅಡ್ಡಲಾಗಿ ಬೆಳಕು ಬಿಟ್ಟರೆ ಬೆಳಕು ಹಲವು ಕವಲಾಗಿ ಒಡೆಯುತ್ತದೆ. ಸದ್ದು ನಡೆದಲ್ಲಿ ದ್ರವ ಪದರಪದರವಾಗಿ ಒತ್ತಿ ಸಡಿಲುತ್ತದೆ. ಆ ಪದರಗಳೇ ಬೆಳಕಿಗೆ ಗ್ರೇಟಿಂಗ್, ಅಂದರೆ ಸಮ ಅಂತರದ ಗೆರೆಗಳ ಸಾಲು. ಗೆರೆ ಎಳೆದದ್ದು ಸದ್ದು! ಇವತ್ತಿಗೂ ಜಗತ್ತಿನ ದೃಗ್ವಿಜ್ಞಾನದ ಪಠ್ಯಗಳಲ್ಲಿ ರಾಮನ್–ನಾಥ್ ಎಂಬ ಹೆಸರಿದೆ. ಆದರೆ ಆ ಗ್ರೇಟಿಂಗ್‌ಗೆ ಆಯುಸ್ಸಿಲ್ಲ, ಸದ್ದು ನಿಂತರೆ ಅದೂ ಮಾಯ.

ಮಾಯವಾಗದ್ದು ಸಿಕ್ಕಿದ್ದು 1978ರಲ್ಲಿ, ಕೆನಡಾದ ಒಟ್ಟಾವಾದಲ್ಲಿ. ಕೆನೆತ್ ಹಿಲ್ ಮತ್ತು ಸಂಗಡಿಗರು ಜರ್ಮೇನಿಯಂ ಬೆರೆತ ಫೈಬರ್‌ಗೆ ಆರ್ಗಾನ್ ಲೇಸರ್ ಬೆಳಕು ಹಾಯಿಸಿದರು. ನಿಮಿಷ ಕಳೆದಂತೆ ಫೈಬರ್ ತಾನಾಗಿ ಬೆಳಕನ್ನು ಹಿಂದಕ್ಕೆ ಕಳಿಸತೊಡಗಿತು! ಹೋಗುವ ಅಲೆಯೂ ಮರಳುವ ಅಲೆಯೂ ಸೇರಿ ಗಾಜಿನೊಳಗೆ ಬೆಳಕು–ಕತ್ತಲೆಯ ಪಟ್ಟೆಗಳಾಗಿದ್ದವು. ಬೆಳಕು ಬಿದ್ದಲ್ಲೆಲ್ಲ ಗಾಜಿನ ವಕ್ರೀಭವನಾಂಕ ಇಷ್ಟೇ ಇಷ್ಟು ಬದಲಾಗಿ ಹಾಗೇ ಉಳಿದಿತ್ತು. 1989ರಲ್ಲಿ ಅಮೆರಿಕದಲ್ಲಿ ಮೆಲ್ಟ್ಜ್ ತಂಡ ಅತಿನೇರಳೆ ಬೆಳಕನ್ನು ಪಕ್ಕದಿಂದ ಬಿಟ್ಟು, ಬೇಕಾದ ಅಂತರಕ್ಕೆ ಗೆರೆ ಬರೆಯುವುದನ್ನು ತೋರಿಸಿತು.

ಅಂತರ ಎಷ್ಟು ಗೊತ್ತೇ? 1080 ನ್ಯಾನೋಮೀಟರಿನ ಬೆಳಕಿಗಾದರೆ ಸುಮಾರು 372 ನ್ಯಾನೋಮೀಟರ್. ಒಂದೇ ಸೆಂಟಿಮೀಟರಿನಲ್ಲಿ ಸುಮಾರು 27,000 ಗೆರೆ! ಒಂದೊಂದು ಗೆರೆ ಮರಳಿಸುವುದು ಲೆಕ್ಕಕ್ಕಿಲ್ಲದಷ್ಟು ಬೆಳಕು. ಆದರೆ ಭಜನಾಮಂಡಳಿಯ ತಾಳಗಳೆಲ್ಲ ಒಂದೇ ಕ್ಷಣಕ್ಕೆ ಬಿದ್ದ ಹಾಗೆ ಅಷ್ಟೂ ಸೇರಿದರೆ ಒಂದು ಬಣ್ಣದ ಬೆಳಕು ಶೇಕಡಾ 99ಕ್ಕೂ ಮಿಕ್ಕಿ ಹಿಂದಿರುಗುತ್ತದೆ, ಉಳಿದ ಬಣ್ಣಗಳು ಏನೂ ಆಗಿಲ್ಲವೆಂಬಂತೆ ದಾಟಿಹೋಗುತ್ತವೆ. ಲೇಸರ್‌ನ ಒಂದು ತುದಿಗೆ ಇಂಥ ಕಟ್ಟುನಿಟ್ಟಿನ ಕನ್ನಡಿ. ಇನ್ನೊಂದು ತುದಿಗೆ ಸ್ವಲ್ಪ ಮಾತ್ರ ಮರಳಿಸಿ ಉಳಿದದ್ದನ್ನು ಹೊರಬಿಡುವ ಧಾರಾಳಿ. ನಡುವೆ ಇಟರ್ಬಿಯಂ ಬೆರೆತ ಫೈಬರ್.

ಇನ್ನು ಶಾಖದ ಪೀಡೆ. 3 ಕಿಲೋವಾಟ್ ಬೆಳಕಿನಲ್ಲಿ ಸಾವಿರಕ್ಕೆ ಒಂದು ಪಾಲು ಗಾಜು ಹೀರಿಕೊಂಡರೂ ಆ ನವಿರು ಎಳೆಗೆ 3 ವಾಟ್ ಬಿಸಿ. ಬಿಸಿಯಾದರೆ ಗ್ರೇಟಿಂಗ್‌ನ ಬಣ್ಣ ಸರಿಯುತ್ತದೆ, ಡಿಗ್ರಿಗೆ ಸುಮಾರು ನೂರನೇ ಒಂದು ನ್ಯಾನೋಮೀಟರ್. ಎರಡು ಕನ್ನಡಿಗಳ ಹೊಂದಾಣಿಕೆ ತಪ್ಪಿತೋ, ಬೆಳಕು ಹಿಂದಕ್ಕೆ ನುಗ್ಗಿ, ಲೇಸರ್‌ಗೆ ಬೆಳಕು ಊಡುವ ಪಂಪ್ ಡಯೋಡ್‌ಗಳನ್ನೇ ಸುಟ್ಟೀತು! ಬರೆಯುವಾಗ ಗಾಜು ಬೇಗ ಒಲಿಯಲೆಂದು ಫೈಬರ್‌ಗೆ ಒತ್ತಡದಲ್ಲಿ ಹೈಡ್ರೋಜನ್ ತುಂಬುತ್ತಾರೆ; ಉಪಕಾರ ಮಾಡಿದ ಆ ಹೈಡ್ರೋಜನ್ನೇ ಆಮೇಲೆ ಶಾಖದ ಮೂಲ. ಹದವಾಗಿ ಕಾಯಿಸಿ ಅದನ್ನು ಹೊರಡಿಸಬೇಕು. ಇಲ್ಲವೇ ಫೆಮ್ಟೋಸೆಕೆಂಡ್ ಲೇಸರ್‌ನಿಂದ, ಹೈಡ್ರೋಜನ್ ಹಂಗಿಲ್ಲದೆ, ಎಳೆಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಸುಲಿಯದೆಯೂ ಬರೆಯಬಹುದು. ಇಡೀ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಮಂತ್ರವಾದಿಯ ಕೆಲಸವೆನಿಸುವುದು ಇದೇ.

ಎರಡನೆಯ ಸಲ? ಅದಿನ್ನೂ ಸೊಗಸು. ಇಟರ್ಬಿಯಂ ಕೊಡದ ಬಣ್ಣಗಳು ಬೇಕಾದರೆ ರಾಮನ್ ಪರಿಣಾಮವೇ ಗತಿ. ಗಾಜಿನಲ್ಲಿ ಚದುರುವಾಗ ಬೆಳಕು ಮೆಟ್ಟಿಲಿಳಿದಂತೆ ಉದ್ದ ಅಲೆಗೆ ಜಾರುತ್ತದೆ: 1117ರಿಂದ 1175, 1240, 1310, 1390, ಕೊನೆಗೆ 1480 ನ್ಯಾನೋಮೀಟರ್. ರೂಢಿಯ ವಿನ್ಯಾಸದಲ್ಲಿ ಪ್ರತಿ ಮೆಟ್ಟಿಲಿಗೂ ಒಂದು ಜೊತೆ ಗ್ರೇಟಿಂಗ್, ಒಂದರೊಳಗೊಂದು. ಬಣ್ಣ ಬದಲಿಸಬೇಕೆಂದರೆ ಇಡೀ ಸಂಸಾರವನ್ನೇ ಬದಲಿಸಬೇಕು.

ಅದೇ ಟಾಟಾ ಇನ್‌ಸ್ಟಿಟ್ಯೂಟಿನ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ ವಿ.ಆರ್. ಸುಪ್ರದೀಪ ಅವರ ತಂಡ ಆ ಗ್ರೇಟಿಂಗ್‌ಗಳನ್ನು ಕೈಬಿಟ್ಟೇ, ಪಂಪ್‌ನ ಬಣ್ಣ ಬದಲಿಸಿದಂತೆ ಹೊರಬರುವ ಬಣ್ಣವೂ ಬದಲಾಗುವ ಅಧಿಕ ಶಕ್ತಿಯ ರಾಮನ್ ಫೈಬರ್ ಲೇಸರ್‌ಗಳನ್ನು ಕಟ್ಟಿದೆ. ಕನ್ನಡಿಗಳಿಲ್ಲದೆ ಬೆಳಕು ಮರಳುವುದು ಹೇಗೆ? ಇಂಥ ಲೇಸರ್‌ಗಳಲ್ಲಿ ಫೈಬರ್‌ನ ಉದ್ದಕ್ಕೂ ಗಾಜು ತಾನೇ ಚೂರುಚೂರು ಹಿಂದಕ್ಕೆ ಚದುರಿಸುತ್ತದೆ, ರೇಲಿ ಚದುರುವಿಕೆಯಿಂದ. ನೆನಪಿದೆಯೇ? ಸಮುದ್ರದ ನೀಲಿ ಆಕಾಶದ ಪ್ರತಿಬಿಂಬವೆಂದಿದ್ದ ಲಾರ್ಡ್ ರೇಲಿಯವರ ಮಾತನ್ನು 1921ರಲ್ಲಿ ಹಡಗಿನಲ್ಲಿ ಬರುತ್ತ ಅಲ್ಲಗಳೆದವರು ಇದೇ ರಾಮನ್! ಈಗ ಒಂದೇ ಎಳೆಯಲ್ಲಿ ರೇಲಿ ಕನ್ನಡಿಯಾಗುತ್ತಾರೆ, ರಾಮನ್ ಬೆಳಕನ್ನು ಬೆಳೆಸುತ್ತಾರೆ.

ಹಾಗೆಂದು ಗ್ರೇಟಿಂಗ್‌ಗಳಿಗೆ ನಿವೃತ್ತಿಯೇನೂ ಬಂದಿಲ್ಲ. ಪೀಣ್ಯದ ಶೀಟು ಕತ್ತರಿಸುವ ಇಟರ್ಬಿಯಂ ಲೇಸರ್‌ಗಳಲ್ಲಿ ಆ ಎರಡು ಕನ್ನಡಿಗಳದ್ದೇ ದರ್ಬಾರು.