ರಕ್ಷಣಾ ಕೈಗವಸುಗಳ ಸುರಕ್ಷತಾ ಗುರುತುಗಳು ಮತ್ತು ಖರೀದಿ: ಸಾರ್ವಜನಿಕ ಮಾಹಿತಿ

ಎಲ್ಲ ಕೈಗವಸುಗಳೂ ಎಲ್ಲ ಬಗೆಯ ಅಪಾಯಗಳಿಂದ ರಕ್ಷಣೆ ನೀಡುವುದಿಲ್ಲ. ಕೆಲಸಕ್ಕೆ ಹೊಂದದ ಕೈಗವಸು ಧರಿಸಿದವರು ತಾವು ಸುರಕ್ಷಿತರೆಂದು ತಪ್ಪಾಗಿ ಭಾವಿಸುವುದರಿಂದ ಅಪಾಯವು ಹೆಚ್ಚುತ್ತದೆ. ಆದ್ದರಿಂದ ಖರೀದಿಗೆ ಮುನ್ನ ಈ ಕೆಳಕಂಡ ಅಂಶಗಳನ್ನು ಗಮನಿಸುವುದು.

1. ಯಾಂತ್ರಿಕ ಕೆಲಸಗಳು
ಇ.ಎನ್. 388 ಎಂಬ ಯುರೋಪಿಯನ್ ಮಾನಕದ ಗುರುತಿನ ಕೆಳಗೆ ನಾಲ್ಕು ಅಂಕಿಗಳಿರುತ್ತವೆ. ಇವು ಅನುಕ್ರಮವಾಗಿ ಸವೆತ (ಗರಿಷ್ಠ 4), ಅಲಗಿನ ಕೊಯ್ತ (ಗರಿಷ್ಠ 5), ಹರಿತ (ಗರಿಷ್ಠ 4) ಹಾಗೂ ಚುಚ್ಚುವಿಕೆ (ಗರಿಷ್ಠ 4) ತಡೆಯುವ ಸಾಮರ್ಥ್ಯವನ್ನು ಸೂಚಿಸುತ್ತವೆ. 2016ರ ಪರಿಷ್ಕರಣೆಯಂತೆ ಐದನೆಯ ಸ್ಥಾನದಲ್ಲಿ ಕೊಯ್ತದ ಇನ್ನೊಂದು ಪರೀಕ್ಷೆಯ ಫಲಿತಾಂಶವನ್ನು 'ಎ'ಯಿಂದ 'ಎಫ್'ವರೆಗಿನ ಅಕ್ಷರದಲ್ಲಿ ನೀಡಲಾಗುತ್ತದೆ. 'ಎಫ್' ಅತ್ಯುನ್ನತ ಮಟ್ಟ. 'ಎಕ್ಸ್' ಎಂದಿದ್ದಲ್ಲಿ ಆ ಪರೀಕ್ಷೆ ನಡೆದಿಲ್ಲವೆಂದು ಅರ್ಥ.

ಉದಾಹರಣೆ: '4121ಎಕ್ಸ್' ಗುರುತಿನ ಕೈಗವಸು ಸವೆತಕ್ಕೆ ಉತ್ತಮವಾದರೂ ಗಾಜು ಅಥವಾ ತಗಡಿನ ಕೆಲಸಕ್ಕೆ ಸೂಕ್ತವಲ್ಲ.

2. ವಿದ್ಯುತ್ ಕೆಲಸಗಳು
ವಿದ್ಯುತ್ ಕೆಲಸದ ರಬ್ಬರ್ ಕೈಗವಸುಗಳಿಗೆ ಭಾರತೀಯ ಮಾನಕ ಐ.ಎಸ್. 4770 ಇರುತ್ತದೆ. ಅಂತರರಾಷ್ಟ್ರೀಯ ಮಾನಕ ಐ.ಇ.ಸಿ. 60903ರಂತೆ '00' ವರ್ಗವು 500 ವೋಲ್ಟ್ ಹಾಗೂ '0' ವರ್ಗವು 1000 ವೋಲ್ಟ್ ಎ.ಸಿ.ವರೆಗೆ ಮಾತ್ರ ಬಳಕೆಗೆ ಯೋಗ್ಯ. ಪ್ರತಿ ಬಾರಿ ಧರಿಸುವ ಮುನ್ನ ಕೈಗವಸಿನೊಳಗೆ ಗಾಳಿ ತುಂಬಿ, ಬಾಯಿಯನ್ನು ಸುರುಳಿ ಸುತ್ತಿ ಹಿಡಿದು, ಗಾಳಿ ಸೋರುವುದೇ ಎಂದು ಪರಿಶೀಲಿಸತಕ್ಕದ್ದು. ಸೋರಿದಲ್ಲಿ ಬಳಸತಕ್ಕದ್ದಲ್ಲ. ಪಾತ್ರೆ ತೊಳೆಯುವ ರಬ್ಬರ್ ಕೈಗವಸುಗಳನ್ನು ವಿದ್ಯುತ್ ಕೆಲಸಕ್ಕೆ ಎಂದಿಗೂ ಬಳಸಬಾರದು.

3. ಇತರೆ ಕೆಲಸಗಳು
ರಾಸಾಯನಿಕಗಳಿಗೆ ಇ.ಎನ್. 374 ಹಾಗೂ ಬಿಸಿ ವಸ್ತುಗಳಿಗೆ ಇ.ಎನ್. 407 ಗುರುತುಗಳನ್ನು ನೋಡುವುದು. ಕೊರೆಯುವ ಯಂತ್ರ, ಲೇತ್ ಮುಂತಾದ ತಿರುಗುವ ಯಂತ್ರಗಳ ಬಳಿ ಕೈಗವಸು ಸಿಲುಕಿ ಕೈಯನ್ನೇ ಒಳಗೆಳೆಯುವ ಸಂಭವವಿರುವುದರಿಂದ ಅಲ್ಲಿ ಧರಿಸತಕ್ಕದ್ದಲ್ಲ.

4. ಎಲ್ಲಿ ಖರೀದಿಸಬೇಕು?
ಕೈಗಾರಿಕಾ ಸುರಕ್ಷತಾ ಸಾಮಗ್ರಿ ಮಳಿಗೆಗಳಲ್ಲಿ ಅಥವಾ ತಯಾರಕರ ಅಧಿಕೃತ ಮಾರಾಟಗಾರರಲ್ಲಿ ರಸೀದಿ ಪಡೆದು ಖರೀದಿಸುವುದು. ಸರ್ಕಾರಿ ಕಚೇರಿಗಳು ಸರ್ಕಾರಿ ಇ-ಮಾರುಕಟ್ಟೆ (ಜೆಮ್) ಜಾಲತಾಣದ ಮೂಲಕ ಖರೀದಿಸಬಹುದು. ಐ.ಎಸ್.ಐ. ಗುರುತಿದ್ದಲ್ಲಿ ಅದರೊಂದಿಗಿನ ಸಿ.ಎಂ./ಎಲ್. ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ 'ಬಿ.ಐ.ಎಸ್. ಕೇರ್' ಆ್ಯಪ್‌ನಲ್ಲಿ ನಮೂದಿಸಿ ನೈಜತೆಯನ್ನು ಖಚಿತಪಡಿಸಿಕೊಳ್ಳಬಹುದು.

5. ವೆಚ್ಚ ಯಾರದು?
ದಿನಾಂಕ 21-11-2025ರಿಂದ ಜಾರಿಗೆ ಬಂದಿರುವ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020ರಂತೆ, ಕೆಲಸದ ಸ್ಥಳದ ಸುರಕ್ಷತೆಗಾಗಿ ಒದಗಿಸುವ ಯಾವುದೇ ಸೌಲಭ್ಯಕ್ಕೆ ಉದ್ಯೋಗದಾತರು ನೌಕರರಿಂದ ಹಣ ವಸೂಲು ಮಾಡುವಂತಿಲ್ಲ. ಆದುದರಿಂದ ಸಂಹಿತೆಗೆ ಒಳಪಡುವ ಸಂಸ್ಥೆಗಳ ಕಾರ್ಮಿಕರು ತಮ್ಮ ಕೆಲಸಕ್ಕೆ ಹೊಂದುವ ಕೈಗವಸುಗಳನ್ನು ಮೊದಲಿಗೆ ಉದ್ಯೋಗದಾತರಲ್ಲಿಯೇ ಕೇಳಿ ಪಡೆಯತಕ್ಕದ್ದು.