ಅಘನಾಶಿನಿ: ಗ್ರಾಮ ಪರಿಚಯ ಹಾಗೂ ಅರ್ಜಿದಾರರಿಗೆ ಮಾಹಿತಿ

ಭೌಗೋಳಿಕ ಹಿನ್ನೆಲೆ
ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ನದಿಯು ಅರಬ್ಬೀ ಸಮುದ್ರವನ್ನು ಸೇರುವಲ್ಲಿ ದಕ್ಷಿಣ ದಡದ ಮೇಲೆ ಅದೇ ಹೆಸರಿನ ಗ್ರಾಮವಿದೆ. ಎದುರು ದಡದಲ್ಲಿ ತದಡಿ ಬಂದರು ಇದೆ. ದೋಣಿಯಲ್ಲಿ ಅಲ್ಪಕಾಲದಲ್ಲಿ ತಲುಪಬಹುದಾದ ಈ ದಡಕ್ಕೆ ರಸ್ತೆಯ ಮೂಲಕ ಹೋಗುವವರು ಮಿರ್ಜಾನ ಸೇತುವೆಯನ್ನು ಬಳಸಿ ಹೋಗಬೇಕಾಗುತ್ತದೆ. ಶಿರಸಿ ತಾಲ್ಲೂಕಿನಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕುವ ಈ ನದಿಗೆ ಎಲ್ಲಿಯೂ ಅಣೆಕಟ್ಟು ನಿರ್ಮಾಣವಾಗಿಲ್ಲ.

ಪರಂಪರೆ ಮತ್ತು ಜೀವನೋಪಾಯ
ಹಿಂದೆ ಈ ನದಿಯ ಮಾರ್ಗವಾಗಿ ಮಿರ್ಜಾನದಿಂದ ಕಾಳುಮೆಣಸು ಹೊರದೇಶಗಳಿಗೆ ಹೋಗುತ್ತಿತ್ತು. ಅಳಿವೆಯ ಸಾಣಿಕಟ್ಟಾದಲ್ಲಿ ಉಬ್ಬರದ ನೀರಿನಿಂದ ಉಪ್ಪು ತಯಾರಿಸಲಾಗುತ್ತದೆ. ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಬಲ್ಲ ಕಗ್ಗ ಭತ್ತವನ್ನು ಮಳೆಗಾಲದಲ್ಲಿ ಬೆಳೆಯುತ್ತಾರೆ. ತೆನೆ ಕೊಯ್ದ ನಂತರ ಉಳಿದ ಹುಲ್ಲು ನೀರಿನಲ್ಲಿ ಕೊಳೆತು ಸಿಗಡಿಗೆ ಆಹಾರವಾಗುತ್ತದೆ. ಒಂದು ಕಡೆ ಕಟ್ಟೆ ಒಡೆದರೂ ಉಪ್ಪುನೀರು ಅಕ್ಕಪಕ್ಕದ ಗದ್ದೆಗಳಿಗೆ ವ್ಯಾಪಿಸುವುದರಿಂದ ಕಟ್ಟೆಯ ರಕ್ಷಣೆಯು ಎಲ್ಲ ರೈತರ ಸಮಾನ ಹೊಣೆಯಾಗಿದೆ.

ಇಳಿತದ ವೇಳೆ ಮಹಿಳೆಯರೂ ಪುರುಷರೂ ಅಳಿವೆಯಲ್ಲಿ ಬಳಚು ಆರಿಸುತ್ತಾರೆ. ಬಲಿಯದ ಮರಿಗಳನ್ನು ತೆಗೆದಲ್ಲಿ ಮುಂದಿನ ಇಳುವರಿ ಕುಂದುತ್ತದೆ. ಮೀನುಮರಿಗಳಿಗೆ ಆಶ್ರಯವಾಗಿರುವ ಕಾಂಡ್ಲಾ ಗಿಡಗಳು ದಡದ ಮಣ್ಣನ್ನೂ ಹಿಡಿದಿಡುತ್ತವೆ. 4,801 ಹೆಕ್ಟೇರ್ ವಿಸ್ತೀರ್ಣದ ಈ ಅಳಿವೆಯು ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿರುವುದಾಗಿ 2024ರ ಜನವರಿಯಲ್ಲಿ ಪ್ರಕಟಿಸಲಾಯಿತು.

ಮನೆ ನಿರ್ಮಾಣಕ್ಕೆ ಅರ್ಜಿ ಸಲ್ಲಿಸುವವರ ಗಮನಕ್ಕೆ
ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ, 2019 ರಂತೆ ಸಮುದ್ರತೀರದಲ್ಲಿ ಉಬ್ಬರದ ಗರಿಷ್ಠ ರೇಖೆಯಿಂದ 500 ಮೀಟರ್‌ವರೆಗೆ, ಉಬ್ಬರ ತಲುಪುವ ನದಿದಡದಲ್ಲಿ 50 ಮೀಟರ್ ಅಥವಾ ನದಿಯ ಅಗಲ, ಇವೆರಡರಲ್ಲಿ ಕಡಿಮೆಯಾದಷ್ಟು ಪ್ರದೇಶವು ನಿಯಂತ್ರಣಕ್ಕೆ ಒಳಪಡುತ್ತದೆ. ಕಾಂಡ್ಲಾ ಪ್ರದೇಶಕ್ಕೆ ಹೆಚ್ಚಿನ ರಕ್ಷಣೆ ಇದೆ. ಆದ್ದರಿಂದ ಸ್ವಂತ ಜಮೀನಾಗಿದ್ದರೂ ಪೂರ್ವಾನುಮತಿ ಇಲ್ಲದೆ ಅಡಿಪಾಯ ಹಾಕಬಾರದು.

1. ಜಮೀನಿನ ಸರ್ವೆ ನಂಬರು ಯಾವ ವಲಯದಲ್ಲಿದೆ ಎಂಬುದನ್ನು ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿ ಮೊದಲೇ ಪರಿಶೀಲಿಸಿಕೊಳ್ಳುವುದು.
2. ಅನುಮತಿಸಬಹುದಾದ ಸ್ಥಳದಲ್ಲಿ 300 ಚದರ ಮೀಟರ್ ಮೀರದ ಸ್ವಂತ ವಾಸದ ಮನೆಯ ಅರ್ಜಿಯನ್ನು ಸ್ಥಳೀಯ ಪ್ರಾಧಿಕಾರವು ಅಧಿಸೂಚನೆಯ ನಿಬಂಧನೆಗಳಿಗೆ ಒಳಪಟ್ಟು ಪರಿಶೀಲಿಸುತ್ತದೆ.
3. ಪಹಣಿ, ಸರ್ವೆ ನಕ್ಷೆ ಮತ್ತು ಕಟ್ಟಡದ ನಕ್ಷೆಯಲ್ಲಿನ ವಿವರಗಳು ಪರಸ್ಪರ ಹೊಂದಿಕೆಯಾಗುವಂತೆ ನೋಡಿಕೊಳ್ಳುವುದು.

ಸಾಲ ಪಡೆದು ಸಾಮಗ್ರಿ ತರಿಸಿದ ನಂತರ ಅರ್ಜಿ ತಿರಸ್ಕೃತವಾದಲ್ಲಿ ನಷ್ಟವು ಕುಟುಂಬದ ಮೇಲೆಯೇ ಬೀಳುತ್ತದೆ. ಆದುದರಿಂದ ಖರ್ಚು ಮಾಡುವ ಮುನ್ನವೇ ವಲಯವನ್ನು ಖಚಿತಪಡಿಸಿಕೊಳ್ಳಲು ಸಾರ್ವಜನಿಕರನ್ನು ಕೋರಲಾಗಿದೆ.