ಅಂಡಾಶಯದ ಗಡ್ಡೆ ಎಂದರೆ ಕ್ಯಾನ್ಸರ್ ಅಂತಲೇ ಅರ್ಥವೇ?

ರಾಜಾಜಿನಗರದಲ್ಲೋ ಕೆಂಗೇರಿಯಲ್ಲೋ ಮಾಡಿಸಿದ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಓವೇರಿಯನ್ ಸಿಸ್ಟ್’ ಎಂದಿದ್ದರೆ ಅದು ಕ್ಯಾನ್ಸರ್ ಎಂದಲ್ಲ. ಮುಟ್ಟಾಗುವ ವಯಸ್ಸಿನಲ್ಲಿ ಕಾಣುವ ನೀರುಗುಳ್ಳೆಗಳಲ್ಲಿ ಹೆಚ್ಚಿನವು ಎರಡು-ಮೂರು ತಿಂಗಳಲ್ಲಿ ತಾವಾಗಿಯೇ ಕರಗುತ್ತವೆ.

ಗಾತ್ರವೊಂದನ್ನೇ ನೋಡಿ ಗಾಬರಿಯಾಗಬೇಡಿ, ಗಡ್ಡೆಯ ಒಳಗೇನಿದೆ ಎಂಬುದು ಮುಖ್ಯ. 2008ರಲ್ಲಿ ಐಓಟಿಎ ಎಂಬ ಅಂತಾರಾಷ್ಟ್ರೀಯ ತಜ್ಞರ ತಂಡ ಇದಕ್ಕೆ ಹತ್ತು ಲಕ್ಷಣಗಳನ್ನು ಗುರುತಿಸಿತು. ಒಂದೇ ಕೋಣೆಯ, ರಕ್ತಸಂಚಾರವಿಲ್ಲದ ಗುಳ್ಳೆ ಸಾಮಾನ್ಯವಾಗಿ ಅಪಾಯಕಾರಿಯಲ್ಲ. ಅಂಕುಡೊಂಕಾದ ಗಟ್ಟಿ ಗಡ್ಡೆ, ಒಳಗೆ ನಾಲ್ಕಕ್ಕೆ ಕಡಿಮೆಯಿಲ್ಲದ ಮೊಗ್ಗಿನಂಥ ಬೆಳವಣಿಗೆ, ಜೋರು ರಕ್ತಸಂಚಾರ, ಹೊಟ್ಟೆಯಲ್ಲಿ ನೀರು ಇವೆಲ್ಲ ಅನುಮಾನದ ಗುರುತುಗಳು. ಎರಡೂ ಬಗೆಯವು ಬೆರೆತಿದ್ದರೆ ಅನುಭವಿ ತಜ್ಞರೇ ನೋಡಬೇಕು.

ಫಾರ್ವರ್ಡ್‌ಗಳಲ್ಲಿ ಬರುವ ಸಿಎ-125 ರಕ್ತಪರೀಕ್ಷೆಯೊಂದನ್ನೇ ನಂಬುವಂತಿಲ್ಲ. ಮುಟ್ಟಿನ ದಿನಗಳಲ್ಲೂ ಅದು ಏರಬಹುದು. ಆದರೆ ಮುಟ್ಟು ನಿಂತವರಲ್ಲಿ ಗಡ್ಡೆ ಕಂಡರೆ ತಡಮಾಡದೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಅನುಮಾನ ಬಲವಾಗಿದ್ದರೆ ಅವರೇ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸುತ್ತಾರೆ. ನಾವು ಹೇಳುವುದಿಷ್ಟೇ: ರಿಪೋರ್ಟನ್ನು ಗುಂಪಿಗೆ ಹಾಕುವ ಮೊದಲು ವೈದ್ಯರಿಗೆ ತೋರಿಸಿ.